ಬರೆಗೆ (ಗುಡ್ಡ ಕಡಿದ ಬದಿಗೆ) ತಾಗಿದ ಹಳೇ ಮನೆ, ಕೆಳಗಿನ ಕೋಣೆಯಲ್ಲಿ ನೀರು: ವಾಟರ್‌ಪ್ರೂಫಿಂಗ್ ಮಾಡಿಸಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4 ಸ್ಟಾರ್. ಕೆಲಸ ಮಾತ್ರ ನೋಡಿದರೆ ಪೂರ್ತಿ ಕೊಡಬಹುದಿತ್ತು.

ಮನೆ ಇರುವುದು ಮಂಗಳೂರಿನ ಕುಲಶೇಖರ ಕಡೆ, ಇಳಿಜಾರಿನಲ್ಲಿ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಒಳಗೆ ರೆಡ್ ಆಕ್ಸೈಡ್ ನೆಲ. ಕೆಳಗಿನ ಕೋಣೆಯ ಮುಂಭಾಗ ರಸ್ತೆ ಕಡೆಗೆ ತೆರೆದಿದೆ, ಹಿಂದಿನ ಗೋಡೆ ಸುಮಾರು 5 ಅಡಿ ಮಣ್ಣಿನೊಳಗೆ. ನಾವು ಕೊಂಡದ್ದು ಬೇಸಿಗೆಯಲ್ಲಿ. ಆಗ ಎಲ್ಲಾ ಒಣಗಿತ್ತು, ಗೋಡೆಗೆ ಹೊಸ ಪೇಂಟು ಬೇರೆ. ಜೂನ್‌ನಲ್ಲಿ ಆ ಪೇಂಟು ಹಪ್ಪಳದ ಹಾಗೆ ಎದ್ದಿತು. ಜುಲೈ ನಡುವೆ ಆಟಿ ತಿಂಗಳು ಶುರುವಾಗುವಾಗ ಗೋಡೆಯ ಬುಡದಿಂದ ನೀರು ಒಸರಿ, ಕೋಣೆಯ ಅರ್ಧ ನೆಲ ಒದ್ದೆ.

ಮೊದಲು ಕರೆಸಿದ್ದು ನಗರದ ಒಂದು ವಾಟರ್‌ಪ್ರೂಫಿಂಗ್ ಕಂಪನಿಯನ್ನು. ಟೈ ಕಟ್ಟಿದ ಹುಡುಗ ಬಂದ, ತೇವ ಅಳೆಯುವ ಮೀಟರ್ ಒತ್ತಿ ನೋಡಿದ, ಒಳಗಿನಿಂದ ಕ್ರಿಸ್ಟಲೈನ್ ಕೋಟಿಂಗ್ ಹೊಡೆದರೆ ಸಾಕು, 10 ವರ್ಷ ಗ್ಯಾರಂಟಿ ಎಂದ. ಕೊಟೇಶನ್ ಸುಮಾರು 2 ಲಕ್ಷ. ಗ್ಯಾರಂಟಿ ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿ, ಮಣ್ಣಿನ ಕಡೆಯ ನೀರಿನ ಒತ್ತಡದಿಂದ ಆಗುವ ಸೋರಿಕೆಗೆ ಇದು ಅನ್ವಯಿಸುವುದಿಲ್ಲ ಅಂತ ಇತ್ತು. ನಮ್ಮಲ್ಲಿ ಇದ್ದ ಸಮಸ್ಯೆಯೇ ಅದು ಮಾರಾಯ್ರೆ! ಇನ್ನೊಂದು ವಿಷಯ, ಕ್ರಿಸ್ಟಲೈನ್ ಕೆಮಿಕಲ್ ಕೆಲಸ ಮಾಡುವುದು ಸಿಮೆಂಟಿನ ಜೊತೆ ಸೇರಿ. ಕಾಂಕ್ರೀಟ್ ಗೋಡೆಯ ರಂಧ್ರಗಳಲ್ಲಿ ಹರಳು ಕಟ್ಟಿ ನೀರನ್ನು ತಡೆಯುತ್ತದೆ. ಕಾಂಕ್ರೀಟಿನ ನೀರಿನ ಸಂಪ್‌ಗೆ, ಟ್ಯಾಂಕಿಗೆ ಒಳ್ಳೆಯದೇ. ಸುಣ್ಣದ ಗಾರೆಯಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆಗೆ ಅದರಿಂದ ಏನು ಪ್ರಯೋಜನ? ಅವರಿಗೆ ಬೇಡ ಅಂದುಬಿಟ್ಟೆ.

ನಾನು ರಿವ್ಯೂ ಬರೆಯುತ್ತಿರುವುದು ಎರಡನೆಯವರ ಬಗ್ಗೆ. ಇವರಿಗೆ ಬೋರ್ಡಿಲ್ಲ, ಆಫೀಸಿಲ್ಲ. ಸಿಮೆಂಟ್ ಅಂಗಡಿಯವರು ಹೇಳಿ ಕಳಿಸಿದ ಕಂಟ್ರಾಕ್ಟರ್. ವಯಸ್ಸು ಅರುವತ್ತರ ಹತ್ತಿರ, ಕಾಲಿಗೆ ಹವಾಯಿ ಚಪ್ಪಲಿ. ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಬಂದವರು ಕೋಣೆಯೊಳಗೆ ಕಾಲಿಡದೆ ಸೀದಾ ಹಿತ್ತಲಿಗೆ ಹೋದರು. ಬರೆಯ ಮೇಲೆ ಹತ್ತಿ ನೋಡಿದರು. "ಮೇಲಿನವರ ಮಾಡಿನ ನೀರು ಎಲ್ಲಿಗೆ ಹೋಗ್ತದೆ ಸರ್?" ಅದೇ ಅವರ ಮೊದಲ ಪ್ರಶ್ನೆ. ನಮ್ಮ ಮಾಡಿನಂಚಿನಲ್ಲಿ ಮಳೆನೀರು ಹಿಡಿಯುವ ದಂಬೆಯ ಪೈಪೂ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಲೆಕ್ಕ ಹಾಕಿ ನೋಡಿ, ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ 1,000 ಚದರ ಅಡಿ ಮಾಡಿನಿಂದ 9,000 ಲೀಟರಿಗೂ ಜಾಸ್ತಿ ನೀರು ಬೀಳುತ್ತದೆ. ನಮ್ಮ ಊರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3,500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟೂ ಗೋಡೆಯ ಬುಡಕ್ಕೆ ಬಿದ್ದರೆ ಯಾವ ಪೇಂಟು ತಡೆಯುತ್ತದೆ?

ಆಮೇಲೆ ಕೋಣೆಗೆ ಬಂದು ಗೋಡೆಯ ಮೇಲಿನ ಬಿಳಿ ಬೂಷ್ಟಿನಂಥದ್ದನ್ನು ಉಗುರಲ್ಲಿ ಕೆರೆದು, ಒಂದು ಲೋಟ ನೀರು ಕೇಳಿ ಅದಕ್ಕೆ ಹಾಕಿದರು. ಕರಗಿಹೋಯಿತು. ಬೂಷ್ಟಾಗಿದ್ದರೆ ಕರಗುತ್ತಿರಲಿಲ್ಲ, ಇದು ಉಪ್ಪು, ನೀರು ಗೋಡೆಯನ್ನು ದಾಟಿ ಬರುವಾಗ ಹೊತ್ತು ತಂದದ್ದು ಎಂದರು. ಪಕ್ಕದ ಅಡ್ಡಗೋಡೆಯಲ್ಲೂ ತೇವ ಇತ್ತು. ಅಲ್ಲಿಗೆ 2 ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿದರು. ಎರಡು ದಿನ ಬಿಟ್ಟು ನೋಡಿದರೆ ಹನಿ ಇದ್ದದ್ದು ಕೋಣೆಯ ಕಡೆ, ಹಾಳೆಯ ಹಿಂದೆ ಒಣ. ಅಂದರೆ ಆ ಗೋಡೆ ಸೋರುತ್ತಿಲ್ಲ, ಬರೀ ಗಾಳಿಯ ತೇವ. ಅಲ್ಲಿಗೆ ಒಂದು ಪೈಸೆ ಖರ್ಚು ಮಾಡಬೇಡಿ ಅಂದರು. ದುಡ್ಡು ಬೇಡ ಅನ್ನುವ ಕಂಟ್ರಾಕ್ಟರ್ ಸಿಗುವುದು ಕಷ್ಟ ಅಲ್ವಾ?

ಮಣ್ಣಿನ ವಿಷಯವನ್ನೂ ಅವರೇ ಬಿಡಿಸಿ ಹೇಳಿದರು. ನಮ್ಮಲ್ಲಿ ಮೇಲೆ ಕೆಂಪುಕಲ್ಲಿನ ಪದರ, ಅದರಲ್ಲಿ ತೂತುಗಳೇ ಜಾಸ್ತಿ, ನೀರು ಸಲೀಸಾಗಿ ಇಳಿಯುತ್ತದೆ. ಅಡಿಯಲ್ಲಿ ಶೇಡಿ ಮಣ್ಣು, ಅಂದರೆ ನುಣುಪಾದ ಜೇಡಿ. ಅದರಲ್ಲಿ ನೀರು ಬೇಗ ಇಳಿಯುವುದಿಲ್ಲ, ಹಾಗಾಗಿ ಎರಡರ ನಡುವೆ ಅಡ್ಡಕ್ಕೆ ಹರಿದು, ಗುಡ್ಡ ಕಡಿದ ಜಾಗದಲ್ಲಿ ಹೊರಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಪಡೀಲ್–ಕುಲಶೇಖರ ನಡುವೆ ರೈಲು ಹಳಿ ಮೇಲೆ ಗುಡ್ಡ ಜರಿದದ್ದು ನೆನಪಿರಬಹುದು. ಹಾಗಾಗಿ ಮಳೆಗಾಲದಲ್ಲಿ ಬರೆಯ ಬುಡ ಅಗೆಯುವುದೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಆ ವರ್ಷಕ್ಕೆ ದಂಬೆಯ ಪೈಪನ್ನು ಉದ್ದ ಮಾಡಿ ನೀರು ದೂರ ಬಿಟ್ಟರು, ಕೋಣೆಯ ಮೂಲೆಯಲ್ಲಿ ಸಣ್ಣ ಗುಂಡಿ ತೆಗೆದು ಫ್ಲೋಟ್ ಸ್ವಿಚ್ ಇರುವ ಪಂಪು ಇಟ್ಟರು. ಪೈಪು ಉದ್ದ ಮಾಡಿದ್ದರಿಂದಲೇ ಅರ್ಧ ನೀರು ಕಡಿಮೆಯಾಯಿತು. ಆ ಪೈಪು, ಬೆಂಡು ಎಲ್ಲಾ ಸೇರಿ 2,000 ರೂಪಾಯಿಯೂ ಆಗಿಲ್ಲ.

ನಿಜವಾದ ಕೆಲಸ ದೀಪಾವಳಿ ಕಳೆದ ಮೇಲೆ. ಹಿಂದಿನ ಗೋಡೆಯ ಉದ್ದಕ್ಕೂ ಕಣಿ ತೋಡಿದರು. ಒಂದೇ ಸಲ ಅಲ್ಲ, ನಾಲ್ಕೈದು ಅಡಿ ತೋಡುವುದು, ಅಷ್ಟು ಮುಗಿಸಿ ಮುಚ್ಚುವುದು, ಮತ್ತೆ ಮುಂದಿನ ತುಂಡು. ಹಳೇ ಪಂಚಾಂಗದ (ಅಡಿಪಾಯದ) ಬುಡ ಒಟ್ಟಿಗೆ ಬಿಡಿಸಿದರೆ ಗೋಡೆ ಕೂರುತ್ತದಂತೆ. ಕಲ್ಲಿನ ಸಂದುಗಳನ್ನು ಕೆರೆದು ತುಂಬಿಸಿ, ಸಾರಣೆ ಮಾಡಿ, ಮೇಲೆ ಪಾಲಿಮರ್ ಸೇರಿಸಿದ ಸಿಮೆಂಟ್ ಕೋಟಿಂಗ್ 2 ಸಲ ಕೊಟ್ಟರು. ಕಣಿಯ ತಳದಲ್ಲಿ 4 ಇಂಚಿನ ತೂತಿನ ಪೈಪು, ತೂತು ಕೆಳಮುಖವಾಗಿ, ಸುತ್ತ 20 ಮಿಲಿಮೀಟರ್ ಜಲ್ಲಿ, ಮಣ್ಣು ಒಳಗೆ ಬಾರದ ಹಾಗೆ ಎಲ್ಲದರ ಹೊರಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ನೂರು ಅಡಿಗೆ ಒಂದು ಅಡಿ ಇಳಿಜಾರು. ಪೈಪಿನ ಬಾಯಿ ರಸ್ತೆ ಬದಿಯ ಮಳೆನೀರಿನ ಚರಂಡಿಗೆ. ಯುಜಿಡಿ (ಒಳಚರಂಡಿ) ಚೇಂಬರ್ ಹತ್ತಿರದಲ್ಲೇ ಇತ್ತು, ಅದಕ್ಕೆ ಕೊಡಲು ಅವರು ಒಪ್ಪಲಿಲ್ಲ. ಮಳೆನೀರು ಯುಜಿಡಿಗೆ ಬಿಟ್ಟವರಿಂದಲೇ ಜೂನ್‌ನಲ್ಲಿ ಮ್ಯಾನ್‌ಹೋಲ್ ಉಕ್ಕುವುದು. ನಮ್ಮ ಓಣಿಯಲ್ಲೇ ನೋಡಬಹುದು, ಹೆಸರು ಬೇಡ.

ಗೋಡೆಯ ಹಿಂದೆ 1 ಮೀಟರ್ ನೀರು ನಿಂತರೆ ಬುಡದಲ್ಲಿ ಒಂದು ಚದರ ಮೀಟರಿಗೆ ಹತ್ತಿರಹತ್ತಿರ 1 ಟನ್ ಒತ್ತಡ. ಒಳಗಿನಿಂದ ಏನು ಹಚ್ಚಿದರೂ ಆ ಒತ್ತಡ ಅದನ್ನು ಹೊರದಬ್ಬುತ್ತದೆ. ನೀರು ನಿಲ್ಲಲು ಬಿಡದೆ ಹರಿದುಹೋಗುವ ಹಾಗೆ ಮಾಡಿದರೆ ಕೋಟಿಂಗಿಗೂ ಉಸಿರಾಡಲು ಜಾಗ ಸಿಗುತ್ತದೆ. ಒಳಗಿನ ಪುಟ್ಟಿ, ಪೇಂಟು ಕೆರೆದು ತೆಗೆದು ಬರೀ ಸುಣ್ಣ ಹೊಡೆಸಿದ್ದೇವೆ, ಉಳಿದ ತೇವ ಆರಲಿ ಅಂತ.

ಈ ವರ್ಷದ ಮಳೆಗಾಲ ಮುಗಿಯಿತು. ಜೋರು ಮಳೆಯ ದಿನ ಪೈಪಿನ ಬಾಯಿಯಲ್ಲಿ ನೀರು ಧಾರೆಯಾಗಿ ಬೀಳುತ್ತಿತ್ತು, ಮಳೆ ನಿಂತ ಮಾರನೇ ದಿನವೂ ಸಣ್ಣಗೆ ಹರಿಯುತ್ತಲೇ ಇತ್ತು. ಕೋಣೆಯ ನೆಲ ಒಣ. ಒಂದು ಮೂಲೆಯಲ್ಲಿ ಅಂಗೈ ಅಗಲ ತೇವ ಉಳಿದಿದೆ, ಬಂದು ನೋಡಿದ್ದಾರೆ, ಕಣಿ ತಿರುಗುವ ಕಡೆ ಬಟ್ಟೆಯ ಜೋಡಣೆ ಸಡಿಲ ಇರಬಹುದು, ಡಿಸೆಂಬರಿನಲ್ಲಿ ತೆರೆದು ಸರಿ ಮಾಡುತ್ತೇನೆ ಎಂದಿದ್ದಾರೆ. ಎಲ್ಲಾ ಸೇರಿ ಒಂದೂಕಾಲು ಲಕ್ಷದ ಹತ್ತಿರ ಆಯಿತು.

ಈಗ ಆ ಒಂದು ಸ್ಟಾರಿನ ಕಥೆ. ಸರಿಯಾದ ಬಿಲ್ ಇಲ್ಲ, ಕೇಳಿದರೆ ಡೈರಿಯ ಹಾಳೆ ಹರಿದು ಬರೆದುಕೊಟ್ಟರು. ನಾಳೆ ಬರುತ್ತೇನೆ ಅಂದರೆ ಮೂರು ದಿನ ಅಂತ ತಿಳಿಯಬೇಕು, ಫೋನೂ ಎತ್ತುವುದಿಲ್ಲ. ಅಗೆದ ಮಣ್ಣಿನ ರಾಶಿ ವಾರಗಟ್ಟಲೆ ಗೇಟಿನ ಹತ್ತಿರ ಬಿದ್ದಿತ್ತು, ಕೊನೆಗೆ ನಾವೇ ಟೆಂಪೋ ಹಿಡಿದು ಸಾಗಿಸಿದೆವು. ಅಮ್ಮನ ದಾಸವಾಳದ ಗಿಡವಂತೂ ಪಿಕ್ಕಾಸಿಗೆ ಹೋಯಿತು. ಇಂಥ ಕೆಲಸ ಮಾಡಿಸುವವರು ಜನವರಿಯೊಳಗೆ ಹೇಳಿ ಇಡಿ. ಮೇ ತಿಂಗಳಲ್ಲಿ ಇವರೆಲ್ಲ ಶೀಟ್ ಹಾಕುವ ಗಡಿಬಿಡಿಯಲ್ಲಿರುತ್ತಾರೆ, ಕೈಗೆ ಸಿಗುವುದಿಲ್ಲ.