ಹಾಲುಹಲ್ಲಿನ ಹುಳುಕು: ಫಿಲ್ಲಿಂಗ್, ಕಪ್ಪು ಔಷಧಿ, ಸ್ಟೀಲ್ ಕ್ಯಾಪ್ ಮೂರನ್ನೂ ಮಾಡಿಸಿ ನೋಡಿದೆವು

ಮಗಳಿಗೆ 5 ವರ್ಷ, ಮಗನಿಗೆ 3. ಇಬ್ಬರ ಹಲ್ಲಿಗೂ ಹುಳುಕು ಹಿಡಿದು ಒಂದೂವರೆ ವರ್ಷದಿಂದ ಓಡಾಡುತ್ತಿದ್ದೇವೆ.

ಮೊದಲು ಮಗಳ ಎಡಗಡೆ ದವಡೆ ಹಲ್ಲು. ನಮ್ಮತ್ತೆ "ಹಾಲಹಲ್ಲು ಬಿಡವಾ, ಹೆಂಗೂ ಬಿದ್ದು ಹೋಗ್ತಾವ" ಅಂದರು. ಮುಂದಿನ ಹಲ್ಲು 6-7 ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ದವಡೆಯ ಹಾಲುಹಲ್ಲು 10-12 ವರ್ಷದ ತನಕ ಇರಬೇಕು, ಅಷ್ಟು ದಿನ ರೊಟ್ಟಿ ಅಗಿಯೋದು ಅದರಲ್ಲೇ ಅಲ್ವಾ?

ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಫಿಲ್ಲಿಂಗ್ ಮಾಡಿಸಿದೆವು, 800 ರೂಪಾಯಿ. ನಾಲ್ಕು ತಿಂಗಳಿಗೆ ಶೇಂಗಾ ಚಿಕ್ಕಿ ತಿನ್ನುವಾಗ ಕಿತ್ತು ಬಂತು. ಮತ್ತೆ 800. ಎರಡನೆಯದೂ ಬಿತ್ತು. ಹುಳುಕು ಎರಡು ಹಲ್ಲಿನ ಸಂದಿಯಲ್ಲಿತ್ತು, ಅಂಥ ಕಡೆ ಸಿಮೆಂಟಿಗೆ ಹಿಡಿತ ಸಿಗುವುದು ಕಷ್ಟ, ಅದರ ಮೇಲೆ ಮಗು ಬಾಯಿ ತೆರೆದು ಸುಮ್ನೆ ಕೂರುವುದಿಲ್ಲ, ಜೊಲ್ಲು ತಾಗಿದರೆ ಮುಗೀತು. ಇದನ್ನು ಮೊದಲೇ ಯಾರೂ ನಮಗೆ ಹೇಳಲಿಲ್ಲ ಅನ್ನೋ ಬೇಜಾರು ಈಗಲೂ ಇದೆ. ಹಲ್ಲಿನ ಮೇಲ್ಭಾಗದಲ್ಲಿ ಮಾತ್ರ ಸಣ್ಣ ತೂತಿದ್ದರೆ ಫಿಲ್ಲಿಂಗ್ ಸಾಕು.

ಮಗನದು ಮೇಲಿನ ಮುಂದಿನ ಹಲ್ಲು. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದ, ಅದರಿಂದಲೇ ಕೆಟ್ಟವು. ಮೆಷಿನ್ ಸದ್ದು ಕೇಳಿದರೇ ಚೀರುವ ವಯಸ್ಸು. ಅವನಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿಸಿದೆವು, ಹುಳುಕು ಮುಂದುವರಿಯದಂತೆ ತಡೆಯುವ ಆ ಕಪ್ಪು ಔಷಧಿ ಇದೇ. ಕೊರೆಯೋದಿಲ್ಲ, ಸೂಜಿ ಇಲ್ಲ, ಹುಳುಕು ಒಣಗಿಸಿ ಹನಿ ಔಷಧಿ ಸವರುತ್ತಾರೆ, ಅಷ್ಟೇ. ಒಂದು ಸಲಕ್ಕೆ 500, ಆರು ತಿಂಗಳಿಗೆ ಮತ್ತೆ ಹಚ್ಚಿಸಬೇಕು. ಆದರೆ ಹುಳುಕಿದ್ದ ಜಾಗ ಕಾಡಿಗೆಯಂತೆ ಕಪ್ಪಾಗುತ್ತದೆ, ಹಾಗೇ ಉಳಿಯುತ್ತದೆ. ತುಟಿಗೆ ಒಂದು ಚುಕ್ಕೆ ತಾಗಿ ವಾರಪೂರ್ತಿ ಕಂದು ಕಲೆ ಇತ್ತು. ಮದುವೆ ಮನೆಯಲ್ಲಿ ಎಲ್ಲರೂ "ಏನಾತು ಹುಡುಗನ ಹಲ್ಲಿಗೆ?" ಅಂತ ಕೇಳಿದರು, ನೋವಾಯಿತು. ಆದರೂ ಹುಳುಕು ಅಲ್ಲಿಗೇ ನಿಂತಿದೆ, ಮುಟ್ಟಿ ನೋಡಿದರೆ ಗಟ್ಟಿಯಾಗಿದೆ. ಈ ವಯಸ್ಸಿಗೆ ನನಗೆ ಅಷ್ಟು ಸಾಕು.

ಕೊನೆಗೆ ಮಗಳ ಅದೇ ಹಲ್ಲಿಗೆ ಸ್ಟೀಲ್ ಕ್ಯಾಪ್. ಇದಕ್ಕಾಗಿ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಮಕ್ಕಳ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಮೊದಲು ಎಕ್ಸ್-ರೇ ತೆಗೆದು ಹುಳುಕು ನರ ಮುಟ್ಟಿಲ್ಲ ಅಂತ ಖಾತ್ರಿ ಮಾಡಿಕೊಂಡರು. ರಾತ್ರಿ ಎದ್ದು ಅಳುವಷ್ಟು ನೋವು, ಒಸಡಿನಲ್ಲಿ ಕೀವು ಇದ್ದರೆ ಬರೀ ಕ್ಯಾಪ್ ಹಾಕಿ ಪ್ರಯೋಜನವಿಲ್ಲ, ಬೇರು ಚಿಕಿತ್ಸೆ ಮಾಡಬೇಕು ಇಲ್ಲವೇ ಹಲ್ಲು ಕೀಳಬೇಕು. ಆ ದಿನ ಕ್ಯಾಪ್ ಕೂರಲು ಜಾಗ ಆಗಲಿ ಅಂತ ಹಲ್ಲಿನ ಸಂದಿಗೆ ಪುಟ್ಟ ರಬ್ಬರ್ ರಿಂಗ್ ಸಿಕ್ಕಿಸಿ ಕಳಿಸಿದರು. ನಾಲ್ಕು ದಿನ ಬಿಟ್ಟು ರಿಂಗ್ ತೆಗೆದು, ಸಿಮೆಂಟ್ ತುಂಬಿದ ಕ್ಯಾಪನ್ನು ಬೆರಳಿನಿಂದ ಒತ್ತಿ ಕೂರಿಸಿದರು. ಇಂಜೆಕ್ಷನ್ನೇ ಇಲ್ಲ. ಮೊದಮೊದಲು "ಹಲ್ಲು ಎತ್ತರ ಆಗೇದ" ಅಂತ ಒಂದೇ ಕಡೆ ಅಗಿಯುತ್ತಿದ್ದಳು, ಎರಡು ವಾರಕ್ಕೆ ಸರಿಹೋಯಿತು. ಈಗ ಕನ್ನಡಿ ಮುಂದೆ ನಿಂತು "ಅವ್ವಾ, ನಂದು ಬೆಳ್ಳಿ ಹಲ್ಲು" ಅಂತ ತೋರಿಸುತ್ತಾಳೆ. ಖರ್ಚು 2500. ಜಾಸ್ತಿ ಅನಿಸಬಹುದು. ಆದರೆ ಉದುರಿಹೋದ ಫಿಲ್ಲಿಂಗಿಗೆ ಆಗಲೇ 1600 ಕೊಟ್ಟಿದ್ದೆವು, ನನ್ನ ನಾಲ್ಕು ಅರ್ಧ ದಿನದ ರಜೆ ಬೇರೆ. ಕ್ಯಾಪ್ ಹಲ್ಲಿನ ಜೊತೆಗೇ ಬೀಳುತ್ತದೆ, ಮಧ್ಯೆ ತೆಗೆಸುವ ಗೋಜಿಲ್ಲ.

ಮಗನ ದವಡೆ ಹಲ್ಲಿನ ಸಂದಿಯಲ್ಲೂ ಈಗ ಒಂದು ಗೆರೆ ಕಾಣಿಸುತ್ತಿದೆ. ಅದು ದೊಡ್ಡದಾದರೆ ಈ ಸಲ ಫಿಲ್ಲಿಂಗ್ ಕೇಳುವುದಿಲ್ಲ, ನೇರ ಕ್ಯಾಪೇ. ಅಲ್ಲಿಯವರೆಗೆ ರಾತ್ರಿ ಬಾಟಲಿ ಬಂದ್. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ಅವನ ತಲೆ ನನ್ನ ತೊಡೆ ಮೇಲಿಟ್ಟುಕೊಂಡು ನಾನೇ ಉಜ್ಜುತ್ತೇನೆ.