ತಿಮಿಂಗಿಲ ಎಣಿಸಲು ಫೋಟೋ ಸಾಕಾ, ಸಮೀಕ್ಷೆಯೇ ಬೇಕಾ?

ತಿಮಿಂಗಿಲ ಎಣಿಸಲು ಫೋಟೋ ಗುರುತು, ಹಡಗಿನ ಸಮೀಕ್ಷೆ (ಹಡಗಿನಲ್ಲಿ ಸಾಗುತ್ತಾ ಕಂಡವನ್ನು ಎಣಿಸುವುದು), ನೀರೊಳಗಿನ ಮೈಕ್, ಇವುಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಮೊದಲು ನಿಮ್ಮ ಕರಾವಳಿಗೆ ಬರುವ ತಿಮಿಂಗಿಲ ಯಾವುದು ಅಂತ ನೋಡಿ.

ಹಂಪ್‌ಬ್ಯಾಕ್ ಆದರೆ ಫೋಟೋ ಸಲೀಸು. ಆಳಕ್ಕೆ ಮುಳುಗುವಾಗ ಅದು ಸಾಮಾನ್ಯವಾಗಿ ಬಾಲ ಎತ್ತುತ್ತದೆ, ಅಡಿಭಾಗದ ಕಪ್ಪು-ಬಿಳಿ ಮಚ್ಚೆ ಮತ್ತು ಅಂಚಿನ ಕಚ್ಚುಗಳು ಒಂದೊಂದಕ್ಕೂ ಬೇರೆ, ನಮ್ಮ ಹೆಬ್ಬೆರಳ ಗುರುತಿನ ಹಾಗೆ. ಮಿಂಕಿ ತಿಮಿಂಗಿಲಕ್ಕೆ ಅಷ್ಟು ಎದ್ದು ಕಾಣುವ ಗುರುತಿಲ್ಲ, ಅಲ್ಲಿ ಹಡಗಿನ ಸಮೀಕ್ಷೆಯೇ ವಾಸಿ.

ಫೋಟೋದ ಲೆಕ್ಕ ಹೀಗೆ: ಮೊದಲ ವರ್ಷ 40 ಬಾಲ ಗುರುತಿಸಿದಿರಿ ಅಂತಿಟ್ಟುಕೊಳ್ಳಿ. ಮರುವರ್ಷ 50 ಸಿಕ್ಕವು, ಅದರಲ್ಲಿ 20 ಹಳೆಯವೇ. 40ನ್ನು 50ರಿಂದ ಗುಣಿಸಿ 20ರಿಂದ ಭಾಗಿಸಿದರೆ ಒಟ್ಟು ತಿಮಿಂಗಿಲಗಳು ಸುಮಾರು 100. ಆದರೆ ಮಸುಕಾದ ಫೋಟೋ ನೋಡಿ ಹಳೆಯದನ್ನೇ ಹೊಸದು ಅಂದುಕೊಂಡರೆ ಸಂಖ್ಯೆ ಸುಮ್ನೆ ಉಬ್ಬುತ್ತದೆ. ಮರಿಗಳು ಬಾಲ ತೋರಿಸುವುದೂ ಕಡಿಮೆ.

ಖರ್ಚಿನಲ್ಲಿ ಫೋಟೋ ಹಗುರ: ಸಣ್ಣ ದೋಣಿ, ಉದ್ದ ಲೆನ್ಸ್, ಜಾಸ್ತಿ ತಾಳ್ಮೆ. ಹ್ಯಾಪಿವೇಲ್‌ನಂಥ ಜಾಲತಾಣ ಬಾಲಗಳನ್ನು ತಾನೇ ಹೊಂದಿಸಿ ನೋಡುತ್ತದೆ, ಮೊದಲಿನ ಕಣ್ಣುನೋವು ಈಗಿಲ್ಲ. ಹಡಗಿಗೆ ಇಂಧನ, ಪಳಗಿದ ವೀಕ್ಷಕರು, ಶಾಂತ ಸಮುದ್ರ ಎಲ್ಲಾ ಬೇಕು, ಮುಳುಗಿರುವವು ಲೆಕ್ಕ ತಪ್ಪುತ್ತವೆ. ಆದರೂ ಒಂದೇ ಋತುವಿನಲ್ಲಿ ಸಂಖ್ಯೆ ಬೇಕಿದ್ದರೆ, ವಿಸ್ತಾರ ದೊಡ್ಡದಿದ್ದರೆ ಅದೇ ಸರಿ.

ಮೈಕ್ ರಾತ್ರಿಯೂ ಕೇಳುತ್ತದೆ. ಆದರೆ ಹಂಪ್‌ಬ್ಯಾಕ್‌ನಲ್ಲಿ ಹಾಡುವುದು ಗಂಡುಗಳು ಮಾತ್ರ, ಸುಮ್ಮನಿದ್ದವನ್ನು ಎಣಿಸುವುದು ಹೇಗೆ, ಅಲ್ವಾ? ಯಾವ ತಿಂಗಳು ಬರುತ್ತವೆ ಅಂತ ತಿಳಿಯಲು ಮೈಕ್ ಇಡಿ. ವರ್ಷ ವರ್ಷ ಅದೇ ಕೊಲ್ಲಿಗೆ ಹೋಗಲು ಆಗುತ್ತದಾ? ಹಾಗಾದರೆ ಕ್ಯಾಮೆರಾ ತಗೊಳ್ಳಿ.