14416ಕ್ಕೆ ಫೋನ್ ಮಾಡಿದೆವು, ಆಮೇಲೆ ಏನಾಯ್ತು

ಮನಸ್ಸಿಗೆ ಕಷ್ಟವಾದಾಗ ಫೋನ್ ಮಾಡುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಬಗ್ಗೆ ಬರೆಯುತ್ತಿದ್ದೇನೆ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಫೋನಿಗೆ ಐದಕ್ಕೆ ಐದು ಕೊಡುತ್ತೇನೆ. ಫೋನ್ ಇಟ್ಟ ಮೇಲೆ ನಾವು ಅಲೆದದ್ದಕ್ಕೆ ಎರಡೇ.

ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಗೋವಿನಜೋಳ ಮಳೆಗೆ ಕೊಳೆತ ಮೇಲೆ ಕಾಕಾ ಮಾತು ಕಡಿಮೆ ಮಾಡಿದರು, ಊಟವೂ ಅಷ್ಟಕ್ಕಷ್ಟೆ. ಒಂದು ರಾತ್ರಿ "ನಾ ಇರ್ಲಿಲ್ಲಂದ್ರ ನಿಮಗ ಹಗುರ ಆಕ್ಕೈತಿ" ಅಂದುಬಿಟ್ಟರು. ನನಗೆ ಕೈಕಾಲೇ ಆಡಲಿಲ್ಲ. ಹೊರಗೆ ಕಟ್ಟೆ ಮೇಲೆ ಕೂತು ಫೋನ್ ಮಾಡಿದೆ.

ಎತ್ತಿದ ಅಕ್ಕ ಮೊದಲು ಕೇಳಿದ್ದು "ಈಗ ಅವರ ಜೋಡಿ ಯಾರಿದ್ದಾರ್ರಿ?" ಅಂತ. ಸಾಯುವ ವಿಚಾರ ಬರ್ತಿದೆಯಾ ಅಂತ ಅವರನ್ನೇ ನೇರವಾಗಿ ಕೇಳಿ, ಕೇಳಿದ್ದಕ್ಕೆ ಆ ವಿಚಾರ ಹುಟ್ಟುವುದಿಲ್ಲ ಅಂದರು. ನಾವು ಅಲ್ಲಿಯವರೆಗೆ ಅದಕ್ಕೇ ಹೆದರಿ ಬಾಯಿ ಮುಚ್ಚಿಕೊಂಡಿದ್ದೆವು, ಅಲ್ವಾ. ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಈ ರಾತ್ರಿಯೇ ಮನೆಯಿಂದ ಹೊರಗೆ ಸಾಗಿಸಿ ಅಂದರು. ಅದನ್ನು ಮಾಡಿದೆವು. ಕಾಕಾನನ್ನೂ ಕೇಳಿದೆ. ಅವರು ಅತ್ತರು, ಎಷ್ಟೋ ದಿನದ ಮೇಲೆ ಮನಸ್ಸು ಬಿಚ್ಚಿ ಮಾತಾಡಿದರು. ಆ ಫೋನ್ ಇಲ್ಲದಿದ್ದರೆ ಆ ರಾತ್ರಿ ಹೇಗೆ ಕಳೆಯುತ್ತಿತ್ತೋ ಯೋಚಿಸುವುದಕ್ಕೂ ಭಯ.

ಪಕ್ಕದ ಮನೆಯವರು ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿಸಿದರು. ಅದು ಸುಮ್ನೆ ಮಾತು. ಮನಸ್ಸು ಸರಿಯಿಲ್ಲ ಅಂತ ಡಾಕ್ಟರ್ ಹತ್ತಿರ ಹೋಗುವುದು ಯಾವತ್ತೂ ಅಪರಾಧ ಆಗಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಜೀವ ಕಳೆದುಕೊಳ್ಳಲು ಹೋದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಅವರ ಆರೈಕೆ ಸರ್ಕಾರದ ಹೊಣೆ ಅನ್ನುತ್ತದೆ.

ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋರೋಗ ತಜ್ಞರು ಬರುವ ಮನೋಚೈತನ್ಯ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರ್ ಒಳ್ಳೆಯವರು, ಗುಳಿಗೆ ಪುಕ್ಕಟೆ. ಆದರೆ ನಾವು ಫೋನ್ ಮಾಡಿದ್ದೇ ಅವರಿಗೆ ಗೊತ್ತಿಲ್ಲ. ಮತ್ತೆ ಮೊದಲಿನಿಂದ ಎಲ್ಲ ಹೇಳಬೇಕು. ಆಮೇಲೆ ಸಾಲದ ನೋಟಿಸ್ ಅಂತ ಬ್ಯಾಂಕು, ಬೆಳೆ ವಿಮೆ ಅಂತ ಇನ್ನೊಂದು ಆಫೀಸು, ಪರಿಹಾರದ ಅರ್ಜಿ ಅಂತ ಮತ್ತೊಂದು. ಒಂದು ಕಡೆಯಂತೂ ಜನ ನಿಂತಿರುವ ಕೌಂಟರ್ ಮುಂದೆಯೇ "ಏನ್ ಕಾಯಿಲೆ ಇವರಿಗೆ?" ಅಂದರು. ಕಾಕಾ ತಲೆ ಬಗ್ಗಿಸಿ ನಿಂತರು. ಅದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಗುಳಿಗೆಯಿಂದ ನಿದ್ದೆ ಬಂತು, ನೋಟಿಸ್ ಬಂದ ದಿನ ಮತ್ತೆ ಹೋಯಿತು.

ಕೇಂದ್ರ ಸರ್ಕಾರ 2022ರಲ್ಲಿ ಆತ್ಮಹತ್ಯೆ ತಡೆಯುವ ರಾಷ್ಟ್ರೀಯ ಕಾರ್ಯತಂತ್ರ ತಂದಿದೆ. 2030ರೊಳಗೆ ಆತ್ಮಹತ್ಯೆ ಸಾವು ಶೇ 10ರಷ್ಟು ಇಳಿಸಬೇಕು, ಅದಕ್ಕೆ ಬೇರೆ ಬೇರೆ ಇಲಾಖೆಗಳು ಕೂಡಿ ಕೆಲಸ ಮಾಡಬೇಕು ಅಂತ ಅದರಲ್ಲಿದೆ. ನಮ್ಮ ತಾಲೂಕಿನಲ್ಲಿ ಅವರು ಕೂಡಿದ್ದು ನನಗೆ ಕಾಣಲಿಲ್ಲ. ಕೂಡಲು ಬರುವುದಿಲ್ಲ ಅಂತಲ್ಲ. ರೈತ ಜೀವ ಕಳೆದುಕೊಂಡ ಮೇಲೆ 5 ಲಕ್ಷ ಪರಿಹಾರ ಕೊಡಬೇಕೋ ಬೇಡವೋ ಅಂತ ನೋಡಲು ಉಪವಿಭಾಗಾಧಿಕಾರಿ ಮುಂದೆ ಕೃಷಿಯವರು, ಪೊಲೀಸರು ಎಲ್ಲ ಒಂದೇ ಮೇಜಿಗೆ ಕೂರುತ್ತಾರೆ. ಅದೇ ಮೇಜಿಗೆ ಮನೋವೈದ್ಯರನ್ನೂ ಬ್ಯಾಂಕಿನವರನ್ನೂ ಕರೆದು, ಮನುಷ್ಯ ಬದುಕಿರುವಾಗಲೇ ತಿಂಗಳಿಗೊಮ್ಮೆ ಕೂರಲಿ. ರೈತ ಸಂಪರ್ಕ ಕೇಂದ್ರದವರು ಬೀಜ ಗೊಬ್ಬರಕ್ಕೆ ಬಂದ ಕಾಕಾನ ಮುಖ ಎಷ್ಟು ಸಲ ನೋಡಿದ್ದಾರೆ! ಇಂಥವರು ಕಂಡರೆ ಯಾರಿಗೆ ತಿಳಿಸಬೇಕು ಅಂತ ಅವರಿಗೆ ಒಬ್ಬರು ಹೇಳಿಕೊಟ್ಟಿದ್ದರೆ ಸಾಕಿತ್ತು.

ಈಗ ಕಾಕಾ ಊಟ ಮಾಡುತ್ತಾರೆ, ಬೆಳಗ್ಗೆ ಹೊಲದ ಕಡೆ ಹೋಗಿ ಬರುತ್ತಾರೆ. ವಿಮೆ ಇನ್ನೂ ಬಂದಿಲ್ಲ.

ನಿಮ್ಮ ಮನೆಯಲ್ಲಿ ಹೀಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 14416ಕ್ಕೆ ಮಾಡಿ. ಕ್ಲಿನಿಕ್ಕಿಗೆ ಹೋಗುವಾಗ ಆಸ್ಪತ್ರೆ ಚೀಟಿ, ಪಹಣಿ, ಬ್ಯಾಂಕಿನ ನೋಟಿಸ್ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಮಾತಾಡುವ ಕೆಲಸ ನೀವು ಮಾಡಿ, ಅವರ ಕೈಲಿ ಹೇಳಿಸಬೇಡಿ.